"ಬರ್ಗ್‌ಹೈನ್ ಒಳಗೆ ಬಿಡಿಸ್ತೀರಾ?"

ಇಲ್ಲ, ಬಿಡಿಸುವುದಿಲ್ಲ. ಬಿಡಿಸಲು ನನ್ನಿಂದ ಆಗುವುದೂ ಇಲ್ಲ. ಬರ್ಗ್‌ಹೈನ್ ಬರ್ಲಿನ್‌ನ ಹೆಸರಾಂತ ಡ್ಯಾನ್ಸ್ ಕ್ಲಬ್. ಯಾರನ್ನು ಒಳಗೆ ಬಿಡಬೇಕು ಅನ್ನುವುದನ್ನು ಬಾಗಿಲಲ್ಲಿ ನಿಂತವರೇ ತೀರ್ಮಾನಿಸುತ್ತಾರೆ.

ಬರ್ಲಿನ್‌ನಲ್ಲಿ ವಾರದ ಕೊನೆಗೆ ನಾನು ಜನರನ್ನು ಟೆಕ್ನೋ ಕ್ಲಬ್ಬುಗಳ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತೇನೆ. ಟೆಕ್ನೋ ಅಂದರೆ ಯಂತ್ರಗಳಲ್ಲಿ ಮಾಡಿದ ಕುಣಿತದ ಸಂಗೀತ. ಮೂರು ಗಂಟೆಯ ನಡಿಗೆ. ಊರಿಂದ ಬಂದವರು, ಅವರ ಗೆಳೆಯರು, ಯಾವುದೋ ಮದುವೆಮನೆಯಲ್ಲಿ ಪರಿಚಯವಾದ ಷಡ್ಡಕನ ತಮ್ಮ, ಎಲ್ಲರೂ ಇದೊಂದನ್ನೇ ಕೇಳುತ್ತಾರೆ. ಅದರ ಬೆನ್ನಿಗೇ "ದುಡ್ಡು ಎಷ್ಟಾದ್ರೂ ಪರವಾಗಿಲ್ಲ" ಅನ್ನುತ್ತಾರೆ.

ನನಗೆ ಸಿಟ್ಟು ಬರುವುದು ಈ ಮಾತಿಗೆ. ಇಲ್ಲಿ ವಿಶೇಷ ದರ್ಶನದ ಟಿಕೆಟ್ ಇಲ್ಲ ಸ್ವಾಮಿ. ಜಾಸ್ತಿ ಕೊಟ್ಟವರಿಗೆ ಪಕ್ಕದಲ್ಲಿ ಇನ್ನೊಂದು ಸಾಲು ಇಲ್ಲ. ಯಾರಾದರೂ ಗ್ಯಾರಂಟಿ ಅಂದರೆ ಒಂದು ಪೈಸೆಯನ್ನೂ ಕೊಡಬೇಡಿ. ಹತ್ತು ಜನರನ್ನು ಹಿಂದೆ ಹಾಕಿಕೊಂಡು ಗೈಡ್ ಬಂದರೆ, ಇವರು ಕುಣಿಯಲು ಬಂದಿಲ್ಲ, ನೋಡಲು ಬಂದಿದ್ದಾರೆ ಅಂತ ಬಾಗಿಲಲ್ಲಿ ನಿಂತವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಅದಕ್ಕೇ ನನ್ನ ನಡಿಗೆ ಬಾಗಿಲಿಗಿಂತ ಮುಂಚೆಯೇ ಮುಗಿಯುತ್ತದೆ.

ಒಂದೇ ಒಂದು ಸಲ ಈ ನಿಯಮ ಮುರಿದೆ. ಚಿಕ್ಕಮ್ಮನ ಮಗ ಬೆಂಗಳೂರಿಂದ ಐದು ಜನ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ. ಅವನ ಮದುವೆಗೆ ಇನ್ನೊಂದು ತಿಂಗಳಿತ್ತು. "ಅಣ್ಣಾ, ನನಗೋಸ್ಕರ" ಅಂದ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಯಾವ ಕ್ಲಬ್ ಅನ್ನುವುದು ಬೇಡ. ರಾತ್ರಿ ಒಂದು ಗಂಟೆಗೆ ಸಾಲಿನಲ್ಲಿ ನಿಂತೆವು. ಕೊರೆಯುವ ಚಳಿ. ಎರಡು ಗಂಟೆ ಕಾದು, ಇನ್ನೇನು ನಮ್ಮ ಸರದಿ ಅನ್ನುವಾಗ ಒಬ್ಬ ಊರಿಗೆ ವಿಡಿಯೋ ಕಾಲ್ ಮಾಡಿದ. "ಮಗಾ, ನೋಡಿಲ್ಲಿ" ಅಂತ ಫೋನನ್ನು ಸಾಲಿನತ್ತ ತಿರುಗಿಸಿದ. ನಮ್ಮ ಮುಂದೆ ಇಬ್ಬರು ಹುಡುಗರು ಕೈ ಕೈ ಹಿಡಿದುಕೊಂಡು ನಿಂತಿದ್ದರು. ಒಬ್ಬ ತಟ್ಟನೆ ಕೈ ಬಿಟ್ಟ. ಜಾಕೆಟ್ಟಿನ ಕಾಲರ್ ಎತ್ತಿ ಮುಖ ಮುಚ್ಚಿಕೊಂಡ.

ಬಾಗಿಲಲ್ಲಿದ್ದವನು ಅದನ್ನು ನೋಡಿದ. ನಮ್ಮ ಸರದಿ ಬಂದಾಗ "ಹೊಯ್ಟೆ ಲೈಡರ್ ನಿಷ್ಟ್" ಅಂದ. ಇವತ್ತು ಆಗಲ್ಲ ಅಂತ.

ವಾಪಸ್ ಬರುವಾಗ ಟ್ರೇನಿನಲ್ಲಿ "ನಮ್ಮ ಮೈಬಣ್ಣ ನೋಡಿ ಬಿಡಲಿಲ್ಲ, ಅಲ್ವಾ?" ಅಂತ ಒಬ್ಬ ಕೇಳಿದ. ಬಣ್ಣ ನೋಡುವ ಬಾಗಿಲೇ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಆ ರಾತ್ರಿ ಬಾಗಿಲಲ್ಲಿ ನಾನಿದ್ದರೂ ನಮ್ಮನ್ನು ಬಿಡುತ್ತಿರಲಿಲ್ಲ.

ಬರ್ಗ್‌ಹೈನ್ ಬೆಳೆದದ್ದೇ ಗೇ ಗಂಡಸರ ಪಾರ್ಟಿಗಳಿಂದ. ಅದಕ್ಕೂ ಮೊದಲು ಅದೇ ಜನ 1998ರಿಂದ 2003ರವರೆಗೆ ಓಸ್ಟ್‌ಗುಟ್ ಅನ್ನುವ ಕ್ಲಬ್ ನಡೆಸಿದ್ದರು. 2004ರಲ್ಲಿ ಬರ್ಗ್‌ಹೈನ್ ಶುರುವಾಯಿತು. ಒಳಗೆ ಹೋಗುವಾಗ ಫೋನಿನ ಕ್ಯಾಮೆರಾ ಮೇಲೆ ಚಿಕ್ಕ ಸ್ಟಿಕ್ಕರ್ ಅಂಟಿಸುತ್ತಾರೆ, ಹಿಂದೊಂದು, ಮುಂದೊಂದು. ನನ್ನ ಫೋನಿನ ಲೆನ್ಸಿನ ಸುತ್ತ ಆ ಅಂಟು ಇನ್ನೂ ಹೋಗಿಲ್ಲ, ಮುಟ್ಟಿದರೆ ಬೆರಳಿಗೆ ಜಿಗುಟು. ಮನೆಯಲ್ಲೂ ಆಫೀಸಿನಲ್ಲೂ ಹೇಳಿಕೊಳ್ಳಲು ಆಗದವರು ಒಳಗಿರುತ್ತಾರೆ. ಅವರ ಮುಖ ಯಾರ ಸ್ಟೇಟಸ್ಸಿಗೂ ಹೋಗಬಾರದು.

ನನ್ನನ್ನು ಬೇರೆ ಒಂದು ಪ್ರಶ್ನೆ ಕೇಳಿ. ಈ ಜಾಗದಲ್ಲಿ ಮೊದಲು ಏನಿತ್ತು ಅಂತ ಕೇಳಿ. ಆಗ ಮೂರು ಗಂಟೆ ನನಗೆ ಸಾಲುವುದಿಲ್ಲ.

ಟೆಕ್ನೋ ಹುಟ್ಟಿದ್ದು ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅವರಂಥ ಕಪ್ಪು ಹುಡುಗರ ಕೈಯಲ್ಲಿ. ಅದಕ್ಕೆ ಎರಡನೇ ಮನೆಯಾಗಿದ್ದು ಬರ್ಲಿನ್‌ನ ಖಾಲಿ ಜಾಗಗಳು. 1989ರ ನವೆಂಬರ್ 9ರಂದು ಊರನ್ನು ಪೂರ್ವ, ಪಶ್ಚಿಮ ಅಂತ ಎರಡು ಮಾಡಿದ್ದ ಬರ್ಲಿನ್ ಗೋಡೆಯ ಗೇಟುಗಳು ತೆರೆದವು. ಪೂರ್ವದಲ್ಲಿ ಕಾರ್ಖಾನೆ, ಗೋದಾಮು, ಮನೆ ಎಲ್ಲಾ ಸುಮ್ನೆ ಬಿದ್ದಿದ್ದವು. ಎಷ್ಟೋ ಕಟ್ಟಡಗಳ ಮಾಲೀಕರು ಯಾರೆಂದೇ ಗೊತ್ತಿರಲಿಲ್ಲ. ಪಶ್ಚಿಮ ಬರ್ಲಿನ್‌ನಲ್ಲಿ 1949ರಲ್ಲೇ ರಾತ್ರಿ ಮುಚ್ಚುವ ಸಮಯವನ್ನು ತೆಗೆದುಹಾಕಿದ್ದರು. ಬೆಂಗಳೂರಲ್ಲಿ ರಾತ್ರಿ ಒಂದಕ್ಕೆ ಲೈಟ್ ಹಾಕಿ ಎಬ್ಬಿಸಿ ಕಳಿಸುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಬರ್ಗ್‌ಹೈನ್ ಇರುವುದು ಊರಿನ ಮನೆಗಳಿಗೆ ಬಿಸಿ ಕಳಿಸುತ್ತಿದ್ದ ಹಳೇ ಸ್ಥಾವರದಲ್ಲಿ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಟ್ರೆಸರ್ ಅನ್ನುವ ಕ್ಲಬ್. 1991ರ ಮಾರ್ಚಿನಲ್ಲಿ ಅದು ಶುರುವಾದದ್ದು ವೆರ್ಟ್‌ಹೈಮ್ ಅನ್ನುವ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ, ಒಡವೆ-ಪತ್ರ ಇಡುತ್ತಿದ್ದ ಲಾಕರ್ ಕೋಣೆಯಲ್ಲಿ. ಜರ್ಮನ್‌ನಲ್ಲಿ ಟ್ರೆಸರ್ ಅಂದರೇ ತಿಜೋರಿ. ಅಂಗಡಿ ಯೆಹೂದಿ ಕುಟುಂಬದ್ದು. ನಾಜಿಗಳು ಅವರಿಂದ ಕಿತ್ತುಕೊಂಡರು. ಯುದ್ಧದ ನಂತರ ಮೇಲಿನ ಕಟ್ಟಡ ಹೋಯಿತು, ಕೆಳಗಿನ ಕೋಣೆ ಉಳಿಯಿತು. ತುಕ್ಕು ಹಿಡಿದ ಆ ಲಾಕರ್‌ಗಳ ನಡುವೆ ಪೂರ್ವದವರು, ಪಶ್ಚಿಮದವರು ಒಟ್ಟಿಗೆ ಕುಣಿದರು. 2005ರಲ್ಲಿ ಕ್ಲಬ್ ಅಲ್ಲಿಂದ ಏಳಬೇಕಾಯಿತು. 2007ರಿಂದ ಅದು ಕೋಪೆನಿಕರ್ ರಸ್ತೆಯಲ್ಲಿದೆ.

ಆ ರಾತ್ರಿ ಬಾಗಿಲಿಂದ ವಾಪಸ್ ಬಂದ ಮಾರನೇ ದಿನ ಚಿಕ್ಕಮ್ಮನ ಮಗನೊಬ್ಬನನ್ನೇ ಟ್ರೆಸರ್‌ನ ಹಳೇ ಜಾಗಕ್ಕೆ ಕರೆದುಕೊಂಡು ಹೋದೆ. ಈಗ ಅಲ್ಲಿ ಮಾಲ್ ಇದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತ. ಆಮೇಲೆ "ಆ ಲಾಕರ್‌ಗಳಲ್ಲಿ ಯಾರ ಒಡವೆ ಇತ್ತಣ್ಣಾ?" ಅಂದ.

ಕಾಫಿ ತೆಗೆದುಕೊಂಡು ಅಲ್ಲೇ ಕೂತೆವು.