ಬಾಝಮ್‌ನಲ್ಲಿ ಒದ್ದೆಯಾದ ಶೂ

ಶನಿವಾರ, 8 ನವೆಂಬರ್ 2025

ಹುಣ್ಣಿಮೆ ಕಳೆದು ಇನ್ನೂ ಮೂರು ದಿನ. ಅಷ್ಟು ಲೆಕ್ಕ ಹಾಕಿದ್ದರೆ ಸಾಕಿತ್ತು. ಇಂಗ್ಲೆಂಡಿನ ಸಸೆಕ್ಸ್ ಕರಾವಳಿಯ ಈ ಊರಿನಲ್ಲಿ ಹುಣ್ಣಿಮೆ ಆಸುಪಾಸಿನ ದೊಡ್ಡ ಭರತ, ಅಂದರೆ ಸಮುದ್ರದ ಉಬ್ಬರ, ಬಂದರೆ ಸಮುದ್ರ ನೇರ ರಸ್ತೆಗೇ ಬರುತ್ತದೆ. ಬೋರ್ಡೂ ಹಾಕಿದ್ದಾರೆ. ಓದಿದೆ, ಇನ್ನೂ ಟೈಮ್ ಇದೆ ಅಂದುಕೊಂಡೆ. ಕಾರನ್ನು ಮೇಲೆ ನಿಲ್ಲಿಸಿದ್ದೆ, ಪುಣ್ಯ. ದಂಡೆ ರಸ್ತೆಯಲ್ಲಿ ಆಚೆ ತುದಿ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು. ಶೂ ಕೈಲಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಮಗಳು ಬೆನ್ನ ಮೇಲೆ.

ಸ್ಪೆಲ್ಲಿಂಗ್ (Bosham) ನೋಡಿ ಬೋಶಮ್ ಅನ್ನಬೇಡಿ. ಊರವರ ಬಾಯಲ್ಲಿ ಅದು ಬಾಝಮ್.

ಆಮೇಲೆ ನಗು ಬಂತು. ಸಾವಿರ ವರ್ಷದಷ್ಟು ಹಳೆಯ ಬಾಯೂ ಕಸೂತಿ ಬಟ್ಟೆಯಲ್ಲಿ, ಮುಂದೆ ಇಂಗ್ಲೆಂಡಿನ ರಾಜನಾದ ಹೆರಾಲ್ಡ್ ಇದೇ ಊರಿಂದ ಹಡಗು ಹತ್ತುವ ಚಿತ್ರ ಇದೆ, ಅಲ್ವಾ? ಸುಮಾರು 1064ರ ಕಥೆ. ಚರ್ಚಿಗೆ ಹೋಗುತ್ತಾನೆ, ಮಹಡಿಯಲ್ಲಿ ಊಟ ಮಾಡುತ್ತಾನೆ. ಆಮೇಲೆ ಅವನ ಕಡೆಯವರು ಅಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ನೀರಿಗಿಳಿಯುತ್ತಾರೆ. ಕಂಕುಳಲ್ಲಿ ನಾಯಿ. ನನ್ನದು ಸಾಕ್ಷಾತ್ ಅದೇ ಭಂಗಿ, ನಾಯಿ ಒಂದು ಇರಲಿಲ್ಲ.

ಬಾಝಮ್ ಹೆರಾಲ್ಡನ ಅಪ್ಪ ಗಾಡ್ವಿನ್‌ನ ಮ್ಯಾನರ್. ಮ್ಯಾನರ್ ಅಂದರೆ ಬರೀ ದೊಡ್ಡ ಮನೆ ಅಲ್ಲ. ಹೊಲ, ಒಕ್ಕಲು, ಗಿರಣಿ, ಮೀನಿನ ಹಕ್ಕು, ಜಗಳ ಬಗೆಹರಿಸುವ ಕೋರ್ಟು, ಎಲ್ಲ ಸೇರಿ ಒಬ್ಬ ಒಡೆಯನ ಕೈಲಿ. ನಮ್ಮ ಜಹಗೀರಿನ ಹತ್ತಿರ ಹತ್ತಿರ. ಗಾಡ್ವಿನ್ ಇದನ್ನು ಹೊಡೆದುಕೊಂಡ ಬಗ್ಗೆ ಒಂದು ಹಳೇ ಕಥೆ ಇದೆ. ಆರ್ಚ್‌ಬಿಷಪ್ ಹತ್ತಿರ ಹೋಗಿ ಲ್ಯಾಟಿನ್‌ನಲ್ಲಿ ಬಾಝಮ್ ಕೊಡಿ ಅಂದನಂತೆ. ಅವರಿಗೆ ಕೇಳಿಸಿದ್ದು 'ಬಾಸಿಯುಂ', ಅಂದರೆ ಮುತ್ತು, ಚುಂಬನ. ಕೊಟ್ಟೆ ಅಂದರು. ಊರು ಹೋಯಿತು! ಸುಳ್ಳೇ ಇರಬೇಕು, ಆದರೆ ಆ ಮನುಷ್ಯನ ಬಗ್ಗೆ ಜನ ಏನು ಅಂದುಕೊಂಡಿದ್ದರು ಅನ್ನುವುದು ಗೊತ್ತಾಗುತ್ತದೆ.

1066ರಲ್ಲಿ ಹೆರಾಲ್ಡ್ ಸತ್ತ ಮೇಲೆ, ಇಂಗ್ಲೆಂಡನ್ನು ಗೆದ್ದ ವಿಲಿಯಂ ಊರನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡ. 1086ರಲ್ಲಿ ಅವನು ಬರೆಸಿದ ದೇಶದ ಆಸ್ತಿಪಟ್ಟಿ, ಡೂಮ್ಸ್‌ಡೇ ಲೆಕ್ಕದಲ್ಲಿ ಎಂಟು ಗಿರಣಿ ಬರೆದಿದ್ದಾರೆ. ಚರ್ಚಿನ ಆಸ್ತಿ ಮಾತ್ರ ಬೇರೆ ಖಾತೆ. ಅದು ಎಕ್ಸೆಟರ್ ಬಿಷಪ್ ಆಸ್ಬರ್ನ್ ಕೈಲಿತ್ತು. ಪಕ್ಕದಲ್ಲೇ ಚಿಚೆಸ್ಟರ್ ಬಿಷಪ್, ಯಜಮಾನಿಕೆ ದೂರದ ಎಕ್ಸೆಟರ್‌ನವರದು. ಜಗಳ ಆಗದೆ ಇರುತ್ತದೆಯೇ? ತಲೆಮಾರುಗಟ್ಟಲೆ ಎಳೆದಾಡಿದರು.

ಚರ್ಚಿನೊಳಗೆ ನೆಲದಲ್ಲಿ ಒಂದು ಪುಟ್ಟ ಫಲಕ, ಅದರ ಮೇಲೆ ಕಪ್ಪು ಕಾಗೆ. ಡೆನ್ಮಾರ್ಕಿನಿಂದ ಬಂದು ಇಂಗ್ಲೆಂಡ್ ಆಳಿದ ರಾಜ ಕನ್ಯೂಟನ ಮಗಳು ಹಳ್ಳದಲ್ಲಿ ಮುಳುಗಿ ಸತ್ತಳು, ಎಂಟು ವರ್ಷ, ಇಲ್ಲೇ ಹೂಳಿದರು ಅಂತ ಊರ ನಂಬಿಕೆ. 1865ರಲ್ಲಿ ಅಗೆದಾಗ ಮಗುವಿನ ಮೂಳೆ ಇದ್ದ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಯಾರ ಮಗು ಅಂತ ಅದರ ಮೇಲೆ ಬರೆದಿರಲಿಲ್ಲ. ಆದರೂ ಊರಿನ ಮಕ್ಕಳೇ ಫಲಕ ಇಡಿಸಿದರು. ಮಗಳು ಕೂತು ಕಾಗೆಯ ರೆಕ್ಕೆ ಮೇಲೆ ಬೆರಳಾಡಿಸಿದಳು. ಅವಳಿಗೂ ಎಂಟು.

ನನ್ನ ತಲೆಯಲ್ಲಿ ಇದ್ದದ್ದು ಇನ್ನೊಬ್ಬಳು. ರಾಜರ ಕೈಯಿಂದ ಊರು ಮಾರ್ಷಲ್ ಮನೆತನಕ್ಕೆ, ಮದುವೆಯ ದಾರಿಯಲ್ಲಿ ಬಿಗಾಡ್‌ಗಳಿಗೆ, ಮುಂದೆ ಮೋಬ್ರೆಗಳಿಗೆ ಬಂತು. 1476ರಲ್ಲಿ ಕೊನೆಯ ಮೋಬ್ರೆ ಡ್ಯೂಕ್ ತೀರಿಕೊಂಡಾಗ ಆ ಮನೆತನಕ್ಕೆ ಉಳಿದ ವಾರಸುದಾರಳು ಮೂರು ವರ್ಷದ ಆನ್ ಮೋಬ್ರೆ. ಆಸ್ತಿ ಮೇಲೆ ರಾಜ ನಾಲ್ಕನೇ ಎಡ್ವರ್ಡ್‌ನ ಕಣ್ಣು. 1478ರಲ್ಲಿ ಅವಳನ್ನು ತನ್ನ ನಾಲ್ಕು ವರ್ಷದ ಮಗನಿಗೆ ತಂದುಕೊಂಡ. ಅವಳಿಗೆ ಆಗ ಐದು. 1481ರಲ್ಲಿ ಅವಳು ಸತ್ತಳು, ಎಂಟೇ ವರ್ಷ. ಆಸ್ತಿ ಹತ್ತಿರದ ನೆಂಟರಾದ ಹಾವರ್ಡ್, ಬರ್ಕ್ಲಿಗಳಿಗೆ ಹೋಗಬೇಕಿತ್ತು. ಅದಕ್ಕೂ ರಾಜ ಪಾರ್ಲಿಮೆಂಟಿನಲ್ಲಿ ಕಾಯಿದೆ ಮಾಡಿಸಿ, ಸತ್ತ ಸೊಸೆಯ ಜಮೀನು ಮಗನ ಹತ್ತಿರವೇ ಉಳಿಯುವ ಹಾಗೆ ನೋಡಿಕೊಂಡ. ಸೊಸೆ ಹೋದರೂ ಜಮೀನು ಬಿಡಲಿಲ್ಲ ಪುಣ್ಯಾತ್ಮ.

1964ರಲ್ಲಿ ಲಂಡನ್ನಿನಲ್ಲಿ ಕಟ್ಟಡದ ಕೆಲಸದವರಿಗೆ ಸೀಸದ ಒಂದು ಸಣ್ಣ ಶವಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಹೆಸರಿತ್ತು, ಆನ್ ಮೋಬ್ರೆ. ಕೆಂಚು ಕೂದಲು ಇನ್ನೂ ಹಾಗೇ ಉಳಿದಿತ್ತಂತೆ. ಮುಂದಿನ ವರ್ಷ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮತ್ತೆ ಹೂಳಿದರು.

ಕಾರಿನಲ್ಲಿ ಇದನ್ನೆಲ್ಲ ಸುಮ್ನೆ ಹೇಳುತ್ತಾ ಬಂದೆ.

"ಅವಳ ಗಂಡ ಏನಾದ ಅಪ್ಪಾ?"

"1483ರಲ್ಲಿ ಅವನೂ ಅವನ ಅಣ್ಣನೂ ಲಂಡನ್ ಕೋಟೆಯಲ್ಲಿ ಕಾಣೆಯಾದರು."

"ಯಾರಿಗೂ ಹೇಳ್ಲಿಲ್ವಾ?"

"ಅವರ ಚಿಕ್ಕಪ್ಪನೇ ರಾಜ ಆಗಿದ್ದ ಪುಟ್ಟಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೀಟರ್ ಜಾಸ್ತಿ ಮಾಡು ಅಂದಳು. ಶೂ ಈಗ ರೇಡಿಯೇಟರ್ ಮೇಲಿದೆ, ಮನೆಯೆಲ್ಲ ಕೆಸರಿನ ವಾಸನೆ.