ಒಂದು ಫೈಬರ್, ಹಲವು ಕೋಣೆ: ಲಿನಕ್ಸ್‌ನಲ್ಲಿ ಬ್ಯಾಂಡ್‌ವಿಡ್ತ್ ಹಂಚಿಕೆ

ಮಣಿಪಾಲದ ನಮ್ಮ ಮನೆಯ ಮೇಲ್ಮಹಡಿಯಲ್ಲಿ ವಿದ್ಯಾರ್ಥಿಗಳು ಬಾಡಿಗೆಗಿದ್ದಾರೆ. ಅವರಿಗೂ ನಮಗೂ ಸೇರಿ ಇರುವುದು 100 ಮೆಗಾಬಿಟ್‌ನ ಒಂದೇ ಫೈಬರ್ ಸಂಪರ್ಕ. ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡತೊಡಗಿದರೆ ಉಳಿದವರ ವಿಡಿಯೊ ಕರೆಗಳು ತಡವರಿಸುತ್ತಿದ್ದವು. ದುಬಾರಿ ಪ್ಲಾನ್ ಇದಕ್ಕೆ ಮದ್ದಲ್ಲ. ತೊಂದರೆಯ ಮೂಲ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಕಾಯುವ ಸಾಲಿನಲ್ಲಿದೆ.

ಮೋಡೆಮ್‌ನ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ದೊಡ್ಡದಾಗಿದ್ದಷ್ಟೂ ಅಪ್‌ಲೋಡ್‌ನ ಪ್ಯಾಕೆಟ್‌ಗಳು ಅಲ್ಲಿ ತುಂಬಿಕೊಳ್ಳುತ್ತವೆ, ಅವುಗಳ ಹಿಂದೆ ನಿಂತ ಕರೆಯ ಸಣ್ಣ ಪ್ಯಾಕೆಟ್ ತನ್ನ ಸರದಿ ಬರುವವರೆಗೆ ಕಾಯಲೇಬೇಕಾಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಮೋಡೆಮ್‌ಗೂ ಮನೆಯ ಸಾಧನಗಳಿಗೂ ನಡುವೆ ಲಿನಕ್ಸ್ ಓಡುವ ರೂಟರ್ ಇದೆ; ಮೋಡೆಮ್‌ನೊಳಗಿನ ಸಾಲಿನ ಮೇಲೆ ಆ ಲಿನಕ್ಸ್‌ಗೆ ಹಿಡಿತವಿಲ್ಲ. ಆದ್ದರಿಂದ ನಮ್ಮ ಲಿನಕ್ಸ್ ರೂಟರ್ ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ಕಳುಹಿಸಬೇಕು; ಆಗ ಸಾಲು ಮೋಡೆಮ್ ಬಿಟ್ಟು ನಮ್ಮ ಯಂತ್ರದೊಳಗೆ ಬಂದು ನಿಲ್ಲುತ್ತದೆ. ಈ ಒಂದು ಹೆಜ್ಜೆಯಿಲ್ಲದೆ ಉಳಿದ ಯಾವ ಸೆಟ್ಟಿಂಗ್‌ಗೂ ಬೆಲೆಯಿಲ್ಲ. ನಾನು ಅಪ್‌ಲೋಡ್‌ಗೆ 95, ಡೌನ್‌ಲೋಡ್‌ಗೆ 90 ಮೆಗಾಬಿಟ್ ಇಟ್ಟಿದ್ದೇನೆ. ಡೌನ್‌ಲೋಡ್‌ನ ಪ್ಯಾಕೆಟ್‌ಗಳು ಮನೆ ಬಾಗಿಲಿಗೆ ಬಂದಾದ ಮೇಲಷ್ಟೇ ನಮಗೆ ಸಿಗುತ್ತವೆ. ಅವನ್ನು ಐಎಫ್‌ಬಿ ಎಂಬ ಕಾಲ್ಪನಿಕ ಇಂಟರ್‌ಫೇಸ್‌ನ (ಜಾಲದ ಬಾಗಿಲಿನ) ಮೂಲಕ ಹಾಯಿಸಿ, ಕೆಲವನ್ನು ಕೈಬಿಟ್ಟು, ಕಳುಹಿಸುವವರೇ ನಿಧಾನವಾಗುವಂತೆ ಮಾಡಬೇಕಾಗಿರುವುದರಿಂದ ಅಲ್ಲಿ ಹೆಚ್ಚು ಅಂತರ ಬೇಕು.

ಹಂಚಿಕೆಗೆ ಹಳೆಯ ದಾರಿ ಲಿನಕ್ಸ್‌ನ ಎಚ್‌ಟಿಬಿ ಎಂಬ ವಿಧಾನ: ಪ್ರತಿ ಕ್ಲಾಸ್‌ಗೆ (ಪಾಲು ಪಡೆಯುವ ಗುಂಪಿಗೆ) ಖಾತರಿಯ ವೇಗವನ್ನೂ, ಬೇರೆಯವರು ಬಳಸದಿದ್ದಾಗ ಏರಬಹುದಾದ ಮಿತಿಯನ್ನೂ ಬರೆದು, ಕೊನೆಗೆ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಎಫ್‌ಕ್ಯೂ-ಕೋಡೆಲ್ ಜೋಡಿಸುವುದು. 2018ರ 4.19 ಕರ್ನೆಲ್‌ನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಸೇರಿದ ಕೇಕ್ ಎಂಬ ಹೊಸ ವಿಧಾನ ಇದನ್ನೆಲ್ಲ ಟಿಸಿ ಎಂಬ ಸಂಚಾರ ನಿಯಂತ್ರಣ ಆಜ್ಞೆಯ ಒಂದೇ ಸಾಲಿಗೆ ಇಳಿಸಿತು. ಮನೆಗಳಿಗೆ ಅದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಪರ್ಕಗಳ ಲೆಕ್ಕದಲ್ಲಿ ಸಮಪಾಲು ಕೊಟ್ಟರೆ, ಹತ್ತಾರು ಸಂಪರ್ಕ ತೆರೆಯುವ ಟೊರೆಂಟ್ ಎಲ್ಲರ ಪಾಲನ್ನೂ ನುಂಗುತ್ತದೆ. ಕೇಕ್‌ಗೆ ಅಪ್‌ಲೋಡ್‌ನಲ್ಲಿ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್, ಡೌನ್‌ಲೋಡ್‌ನಲ್ಲಿ ಡ್ಯುಯಲ್-ಡಿಎಸ್‌ಟಿಹೋಸ್ಟ್ ಎಂದು ಹೇಳಿದರೆ ಪಾಲು ಮೊದಲು ಸಾಧನಗಳ ನಡುವೆ, ಆಮೇಲೆ ಅವುಗಳ ಸಂಪರ್ಕಗಳ ನಡುವೆ ಆಗುತ್ತದೆ. ಜೊತೆಗೆ ನ್ಯಾಟ್ ಎಂಬ ಆಯ್ಕೆಯನ್ನೂ ಸೇರಿಸಲೇಬೇಕು. ಇಲ್ಲವಾದರೆ ಹೊರಮುಖದ ಇಂಟರ್‌ಫೇಸ್‌ನಲ್ಲಿ ಐಪಿವಿ4 ಎಂಬ ಹಳೆಯ ಬಗೆಯ ಇಂಟರ್‌ನೆಟ್ ವಿಳಾಸ ಬಳಸುವ ಮನೆಯ ಸಾಧನಗಳೆಲ್ಲ ಒಂದೇ ವಿಳಾಸವಾಗಿ ಕಾಣುತ್ತವೆ.

ಇದು ಸಾಧನಗಳ ನಡುವಿನ ನ್ಯಾಯ, ಮನುಷ್ಯರ ನಡುವಿನದಲ್ಲ. ಫೋನ್, ಲ್ಯಾಪ್‌ಟಾಪ್, ಟ್ಯಾಬ್ ಮೂರನ್ನೂ ಹಚ್ಚಿದವರಿಗೆ ಮೂರು ಪಾಲು ಸಿಗುತ್ತದೆ. ಒಂದೇ ಸಾಧನ ಹಲವು ಐಪಿವಿ6 ವಿಳಾಸ ಬಳಸಿದರೂ ಹಾಗೆಯೇ. ಕೋಣೆಗೊಂದು ಪಾಲೇ ಬೇಕೆಂದರೆ ಕೋಣೆಗೊಂದು ವಿಎಲ್ಯಾನ್ (ಬೇರ್ಪಟ್ಟ ಉಪಜಾಲ) ಮಾಡಿ ಎಚ್‌ಟಿಬಿಗೆ ಮರಳಬೇಕು. ನಮ್ಮಲ್ಲಿ ಅದರ ಅಗತ್ಯ ಬೀಳಲಿಲ್ಲ.

ಪರೀಕ್ಷೆಗೆ ಸ್ಪೀಡ್ ಟೆಸ್ಟ್‌ನ ಅಂಕಿಯೊಂದೇ ಸಾಲದು. ದೊಡ್ಡ ಅಪ್‌ಲೋಡ್ ನಡೆಯುತ್ತಿರುವಾಗಲೇ ಪಿಂಗ್ ಆಜ್ಞೆ ಹಚ್ಚಿ, ಉತ್ತರ ಬರಲು ಹಿಡಿಯುವ ಸಮಯ ಏರುತ್ತದೆಯೇ ಎಂದು ನೋಡಬೇಕು; ಏರಿದರೆ ವೇಗವನ್ನು ಇನ್ನಷ್ಟು ಇಳಿಸಬೇಕು. ಟಿಸಿಯಲ್ಲಿ ಬರೆದದ್ದು ಯಂತ್ರ ಆರಿದೊಡನೆ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಆಗಾಗ ಹೋಗುವ ನಮ್ಮ ಊರಿನಲ್ಲಿ ಆ ಆಜ್ಞೆಗಳನ್ನು ಸಿಸ್ಟಮ್‌ಡಿಯ (ಲಿನಕ್ಸ್ ಏಳುವಾಗ ಸೇವೆಗಳನ್ನು ಶುರುಮಾಡುವ ತಂತ್ರಾಂಶದ) ಸೇವೆಯಾಗಿ ಬರೆದು, ರೂಟರ್ ಏಳುವಾಗಲೇ ತಾವಾಗಿ ಜಾರಿಯಾಗುವಂತೆ ಇಡುವುದು ಅಗತ್ಯ.