ಏರಿನಲ್ಲಿ ಏರ್: ಡೀಸೆಲ್ ಸ್ವಾಪ್ ಡೈರಿ, ಭಾಗ 6

ಕೊನೆಗೂ ಸಿಕ್ಕಿತು. ಮೂರು ವಾರ, ಎರಡು ಫಿಲ್ಟರ್, ಒಂದು ಪಂಪ್ ಸೀಲ್ ಕಿಟ್, ಲೆಕ್ಕವಿಲ್ಲದಷ್ಟು ತಾಮ್ರದ ವಾಷರ್ ಖರ್ಚಾದ ಮೇಲೆ ಸಿಕ್ಕಿದ್ದು ಸಾಸಿವೆ ಕಾಳಿಗಿಂತ ಚಿಕ್ಕದೊಂದು ತೂತು.

ಹೊಸಬರಿಗೆ ಎರಡೇ ಮಾತು. ಹಳೆಯ ಸುಜುಕಿ ಸಮುರಾಯ್ ಜೀಪು. ಅದರ 1.3 ಲೀಟರ್ ಪೆಟ್ರೋಲ್ ಎಂಜಿನ್ ಹೊರಗೆ, ಫೋಕ್ಸ್‌ವ್ಯಾಗನ್‌ನ 1.9 ಲೀಟರ್ ಎಎಝೆಡ್ ಟರ್ಬೊ ಡೀಸೆಲ್ ಒಳಗೆ. 75 ಎಚ್‌ಪಿ, ನಾಜಲ್‌ಗಳಿಗೆ ಡೀಸೆಲ್ ಒತ್ತುವ ಬಾಷ್ ವಿಇ ಪಂಪ್, ಎಲ್ಲ ಮೆಕ್ಯಾನಿಕಲ್, ಕಂಪ್ಯೂಟರ್ ತಂಟೆ ಇಲ್ಲ. ಮೌಂಟ್, ರೇಡಿಯೇಟರ್, ಬ್ರೇಕಿಗೆ ವ್ಯಾಕ್ಯೂಮ್ ಪಂಪ್, ಹೀಟರ್ ಪ್ಲಗ್ ರಿಲೇ ಎಲ್ಲ ಮುಗಿದಿವೆ. ಅದನ್ನೆಲ್ಲ ನೀವೂ ಮಾಡಿದವರೇ, ಮತ್ತೆ ಹೇಳುವುದಿಲ್ಲ.

ಈ ಎಂಜಿನ್ನನ್ನು ಸುಜುಕಿ ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಮಾರಿದ ಮಹಾನುಭಾವರ ಬಗ್ಗೆ ಮಾತ್ರ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. "ನಾಳೆ ಕಳಿಸ್ತೀವಿ" ಅಂತ ಏಳು ವಾರ ಓಡಿಸಿದರು. ಬಂದ ಪೆಟ್ಟಿಗೆಯಲ್ಲಿ ಡೋವೆಲ್ ಪಿನ್ನೇ ಇಲ್ಲ. ಕೇಳಿದರೆ, "ಬೋಲ್ಟ್ ಇದೆಯಲ್ಲ ಸಾರ್, ಇನ್ನೇನು ಬೇಕು?" ಬೋಲ್ಟ್ ಬಿಗಿಯಾಗಿ ಹಿಡಿಯುತ್ತೆ ಅಷ್ಟೇ ಸ್ವಾಮಿ, ನಡುವಿಗೆ ತಂದು ಕೂರಿಸಲ್ಲ. ಡಯಲ್ ಗೇಜ್ ಇಟ್ಟು ಎಂಜಿನ್ ತಿರುಗಿಸಿದರೆ ಮುಳ್ಳು 0.4 ಮಿ.ಮೀ. ಓಡಾಡುತ್ತಿತ್ತು. ಲೇತ್‌ನಲ್ಲಿ ಪಿನ್ ಮಾಡಿಸಿ ಹಾಕಿದ ಮೇಲೆ 0.1ರ ಒಳಗೆ ಬಂತು. ಕ್ಲಚ್ ಪ್ಲೇಟೂ ಅವರದೇ. "ಡೀಸೆಲ್ ಟಾರ್ಕ್ ಆರಾಮಾಗಿ ತಡೆಯುತ್ತೆ" ಅಂದಿದ್ದಾರೆ. ಇರಲಿ.

ಈಗ ಅಸಲಿ ರಗಳೆಗೆ ಬರೋಣ. ಅಂಗಳದಲ್ಲಿ ನಿಲ್ಲಿಸಿ ಒಂದು ಗಂಟೆ ಐಡಲ್ ಬಿಟ್ಟರೂ ಗಾಡಿ ಹಸುವಿನ ಹಾಗೆ. ಸಮತಟ್ಟು ದಾರಿಯಲ್ಲೂ ಚೆನ್ನಾಗಿ ಓಡುತ್ತೆ. ಏರು ಹತ್ತಿಸಿ, ಮೂತಿ ಮೇಲಾಯಿತು ಅಂದರೆ ಎರಡು ನಿಮಿಷದಲ್ಲಿ ಮುಕ್ಕರಿಸೋಕೆ ಶುರು. ಪಿಕಪ್ ಬಿದ್ದುಹೋಗುತ್ತೆ, ನಾಲ್ಕು ಸಲ ಕೆಮ್ಮಿ ನಿಲ್ಲುತ್ತೆ. ಆಮೇಲೆ ಬ್ಯಾಟರಿ ಅಳುವ ತನಕ ಸೆಲ್ಫ್ ಹೊಡೆಯಬೇಕು. ಎಲ್ಲಕ್ಕಿಂತ ತಲೆ ಕೆಡಿಸಿದ್ದು ಇದು: ಒಂದು ದಿನ ಅದೇ ಏರನ್ನು ಮೂರು ಸಲ ಹತ್ತಿತು, ತಕರಾರೇ ಇಲ್ಲ. ನಾಲ್ಕು ದಿನ ಬಿಟ್ಟು ಹೋದರೆ ಮೊದಲ ತಿರುವಿನಲ್ಲೇ ಕೂತುಬಿಟ್ಟಿತು.

ಡೀಸೆಲ್ ಲೈನಿನಲ್ಲಿ ಏರ್, ಅಂದರೆ ಗಾಳಿ, ಹಿಡಿಯುತ್ತಿದೆ ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಪಂಪಿನ ಮುಂದೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿದ್ದೆ. ಅದರಲ್ಲಿ ಗುಳ್ಳೆ ಹೋಗೋದು ನೋಡಿದರೆ ಯಾರೋ ಸೋಡಾ ಕುಡಿಸುತ್ತಿದ್ದಾರೆ ಅನಿಸಬೇಕು. ಆದರೆ ಎಲ್ಲೂ ಒಂದು ಹನಿ ಡೀಸೆಲ್ ಸೋರಿಲ್ಲ. ಈ ಗಾಡಿಯಲ್ಲಿ ಬೇರೆ ಲಿಫ್ಟ್ ಪಂಪ್ ಇಲ್ಲ. ವಿಇ ಒಳಗಿನ ವೇನ್ ಪಂಪೇ ಟ್ಯಾಂಕ್‌ನಿಂದ ಎಳೆದುಕೊಳ್ಳಬೇಕು. ಎಳೆಯುವ ಕಡೆ ಸಂದು ಇದ್ದರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಒಣ ಬಟ್ಟೆಯಲ್ಲಿ ಎಷ್ಟು ಒರೆಸಿ ನೋಡಿದರೂ ಪ್ರಯೋಜನ ಇಲ್ಲ.

ಮೊದಲು ಕ್ಲಿಪ್‌ಗಳನ್ನೆಲ್ಲ ಬದಲಿಸಿದೆ. ಆಮೇಲೆ ಬ್ಯಾಂಜೋ ಬೋಲ್ಟ್‌ಗಳ (ಡೀಸೆಲ್ ಹರಿಯೋಕೆ ಒಳಗೆ ತೂತಿರುವ ಬೋಲ್ಟ್) ವಾಷರ್. ಆಗ ಇನ್ನೊಂದು ಅವಾಂತರ ಮಾಡಿಕೊಂಡೆ. ವಿಇ ಪಂಪಿನ ಇನ್ ಬೋಲ್ಟ್, ಔಟ್ ಬೋಲ್ಟ್ ನೋಡೋಕೆ ಅವಳಿ ಜವಳಿ. ಔಟ್ ಬೋಲ್ಟಿನ ತೂತು ಮಾತ್ರ ಸೂಜಿ ತೂರುವಷ್ಟು ಚಿಕ್ಕದು, ತಲೆ ಮೇಲೆ ಔಟ್ ಅಂತ ಬರೆದಿರುತ್ತೆ. ಕನ್ನಡಕ ಒಳಗಿಟ್ಟು ಕೆಲಸಕ್ಕೆ ಕೂತವನಿಗೆ ಅದು ಕಂಡರೆ ತಾನೇ? ಅದಲು ಬದಲು ಮಾಡಿ ಹಾಕಿದೆ. ಸ್ಟಾರ್ಟ್ ಆಯಿತು, ಅಕ್ಸಿಲರೇಟರ್ ಒತ್ತಿದರೆ ಮೇಲೇಳಲೇ ಇಲ್ಲ. ಎರಡು ದಿನ ಅದರಲ್ಲೇ ಹೋಯಿತು.

ಮುಂದಿನ ಅನುಮಾನ ಪಂಪಿನ ಶಾಫ್ಟ್ ಸೀಲ್ ಮೇಲೆ. ಪಂಪ್ ಮಾರಿದವರು "ಟೆಸ್ಟ್ ಆಗಿದೆ, ಕಣ್ಣು ಮುಚ್ಚಿ ಹಾಕಿ" ಅಂದಿದ್ದರಿಂದಲೇ ಅನುಮಾನ ಜಾಸ್ತಿಯಾಗಿತ್ತು. ಟೈಮಿಂಗ್ ಬೆಲ್ಟ್ ಬಿಚ್ಚಿ, ಪಂಪ್ ಇಳಿಸಿ, ಸೀಲ್ ಹಾಕಿ, ಮತ್ತೆ ಡಯಲ್ ಗೇಜ್ ಇಟ್ಟು ಟೈಮಿಂಗ್ ಕೂರಿಸಿದೆ. ಗುಳ್ಳೆ ಹಾಗೇ ಇತ್ತು. ಆಮೇಲೆ ಯೋಚನೆ ಮಾಡಿದರೆ, ಗುಳ್ಳೆ ಕಂಡಿದ್ದೇ ಪಂಪಿಗಿಂತ ಮುಂಚಿನ ಹೋಸ್‌ನಲ್ಲಿ. ಸೀಲ್ ಪಾಪ ಏನು ಮಾಡುತ್ತೆ?

ಅವತ್ತು ರಾತ್ರಿ ಸಿಟ್ಟಿಗೆ ಮರ್ಸಿಡಿಸ್ ಓಎಂ617 ಡೀಸೆಲ್ ಎಂಜಿನ್ ಹುಡುಕುತ್ತಾ ಕೂತೆ. ಐದು ಸಿಲಿಂಡರ್, ಮೂರು ಲೀಟರ್. ಇನ್‌ಲೈನ್ ಪಂಪ್, ಅದರ ಪಕ್ಕದಲ್ಲೇ ಲಿಫ್ಟ್ ಪಂಪ್, ಅದಕ್ಕೊಂದು ಕೈಯಲ್ಲಿ ಒತ್ತಿ ಏರ್ ತೆಗೆಯುವ ಪ್ರೈಮರ್. ಆ ಪ್ರೈಮರ್ ಚಿತ್ರ ನೋಡಿಯೇ ಕಣ್ಣು ತುಂಬಿ ಬಂತು. ಉದ್ದ ಬಾನೆಟ್‌ನ ಗಾಡಿಯೊಂದು ಸಿಕ್ಕರೆ ಮುಂದಿನ ಪ್ರಾಜೆಕ್ಟ್ ಅದೇ. ಒಂದೇ ತಮಾಷೆ, ಆ ಎಂಜಿನ್ ಆಫ್ ಆಗೋದು ವ್ಯಾಕ್ಯೂಮ್‌ನಿಂದ. ಪೈಪ್ ಸೋರಿದರೆ ಕೀ ತೆಗೆದು ಕಿಸೆಗೆ ಹಾಕಿಕೊಂಡರೂ ಓಡುತ್ತಲೇ ಇರುತ್ತೆ. ಇದು ಗಾಳಿ ಹೊಕ್ಕರೆ ಓಡಲ್ಲ, ಅದು ಗಾಳಿ ಹೊಕ್ಕರೆ ನಿಲ್ಲಲ್ಲ.

ಸರಿ, ಬೆಳಗ್ಗೆ ಎದ್ದು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಒಂದು ಕ್ಯಾನ್ ಡೀಸೆಲ್ ತುಂಬಿಸಿ ಬಾನೆಟ್ ಮೇಲೆ ಕಟ್ಟಿ, ಫಿಲ್ಟರ್‌ಗೆ ನೇರ ಹೋಸ್, ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಕೂಡ ಅದಕ್ಕೇ. ಏರು ಹತ್ತಿತು! ಕುಣಿದಾಡಿದೆ. ಅರ್ಧ ಗಂಟೆ ಕಳೆದ ಮೇಲೆ ಹೊಳೆಯಿತು, ಈ ಪರೀಕ್ಷೆಯೇ ಮೋಸ. ಡೀಸೆಲ್ ಮೇಲಿಂದ ಇಳಿಯುವಾಗ ಗಾಳಿ ಒಳಗೆ ಬರೋಕೆ ಜಾಗವೇ ಇರಲ್ಲ. ಕ್ಯಾನನ್ನು ಇಳಿಸಿ ಮುಂದಿನ ಬಂಪರ್ ಮೇಲೆ, ಪಂಪಿಗಿಂತ ತಗ್ಗಿನಲ್ಲಿ ಕಟ್ಟಿದೆ. ಈಗ ಪಂಪ್ ಎಳೆಯಲೇಬೇಕು. ಆಗಲೂ ಹತ್ತಿತು. ಫಿಲ್ಟರ್, ಪಂಪ್ ಎರಡೂ ನಿರಪರಾಧಿ. ಹಿಂದೆ ಟ್ಯಾಂಕ್ ಹತ್ತಿರದ ಜಾಯಿಂಟ್‌ಗೆ ಕ್ಯಾನ್ ಸಿಕ್ಕಿಸಿ ನೋಡಿದೆ, ಚಾಸಿಸ್ ಉದ್ದದ ಪೈಪೂ ಸರಿ. ಉಳಿದಿದ್ದು ಟ್ಯಾಂಕ್ ಒಂದೇ. ಮುಚ್ಚಳ ತೆಗೆದು ಓಡಿಸಿದೆ, ರಗಳೆ ಹಾಗೇ ಇತ್ತು. ಅಂದರೆ ಟ್ಯಾಂಕಿಗೆ ಗಾಳಿಯಾಡುವ ವೆಂಟ್ ಕಟ್ಟಿಕೊಂಡಿಲ್ಲ. ಆದರೆ ಡೀಸೆಲ್ ಇರುವ ಟ್ಯಾಂಕ್ ಒಳಗಿನ ಪೈಪಿಗೆ ಗಾಳಿ ಎಲ್ಲಿಂದ ಬರಬೇಕು?

ತಮ್ಮ ಸ್ಪ್ಯಾನರ್ ಹಿಡಿದುಕೊಂಡು ಸುಮ್ನೆ ನಿಂತಿದ್ದ. "ಅಣ್ಣಾ, ಟ್ಯಾಂಕ್ ಫುಲ್ ಇದ್ದಾಗ ಯಾವತ್ತಾದ್ರೂ ನಿಂತಿದ್ಯಾ ಇದು?" ಅಂದ.

ನಿಂತಿರಲಿಲ್ಲ. ಮೂರು ಸಲ ಹತ್ತಿದ್ದು ಟ್ಯಾಂಕ್ ತುಂಬಿಸಿದ ದಿನ.

ಟ್ಯಾಂಕ್ ಇಳಿಸಿ, ಒಳಗಿಳಿದು ಡೀಸೆಲ್ ಎಳೆಯುವ ಪಿಕಪ್ ಪೈಪ್ ಹೊರಗೆ ತೆಗೆದೆವು. ಪೆಟ್ರೋಲ್ ಕಾಲದ್ದು, ನಾನು ಮುಟ್ಟದೆ ಬಿಟ್ಟಿದ್ದ ಒಂದೇ ಒಂದು ಭಾಗ. ತುದಿಗೆ ಬೆರಳು ಒತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲಿನ ಹೋಸ್‌ನಿಂದ ಊದಿದೆ. ಪೈಪಿನ ನಡುವೆ, ತುಕ್ಕಿನ ಒಂದು ಕಂದು ಚುಕ್ಕೆಯಿಂದ ಮುತ್ತು ಪೋಣಿಸಿದ ಹಾಗೆ ಗುಳ್ಳೆ ಸಾಲು. ಉಗುರಿನಿಂದ ಕೆರೆದರೆ ಚುಕ್ಕೆ ಉದುರಿ ತೂತು ಕಂಡಿತು. ಅರ್ಧ ಟ್ಯಾಂಕ್ ಇದ್ದಾಗ ಸಮತಟ್ಟಿನಲ್ಲಿ ಡೀಸೆಲ್ ಅದನ್ನು ಮುಚ್ಚಿರುತ್ತೆ. ಮೂತಿ ಮೇಲಾದರೆ ಡೀಸೆಲ್ ಹಿಂದಕ್ಕೆ ಸರಿಯುತ್ತೆ, ಪೈಪ್ ಇರೋದು ಮುಂದೆ. ತೂತು ಬಯಲಾಗುತ್ತೆ. ಏರಿನಲ್ಲಿ ಏರ್.

ಪೆಟ್ರೋಲ್ ಎಂಜಿನ್ನಿಗೆ ಇದು ಯಾಕೆ ಕಾಡಲಿಲ್ಲ ಅಂತ ತಮ್ಮ ಕೇಳಿದ. ಕಾರ್ಬುರೇಟರ್‌ನಲ್ಲಿ ಗಾಳಿ ಬಂದರೆ ಫ್ಲೋಟ್ ಬೌಲ್‌ನಿಂದ ಹಾಗೇ ಹೊರಗೆ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ಡೀಸೆಲ್‌ನಲ್ಲಿ ನಾಜಲ್ ಬಾಯಿ ಬಿಡೋಕೆ 100 ಬಾರ್‌ಗಿಂತ ಜಾಸ್ತಿ ಒತ್ತಡ ಬೇಕು. ಪಂಪಿನ ಒಳಗೆ ಡೀಸೆಲ್ ಒತ್ತುವ ಪ್ಲಂಜರ್ ಮುಂದೆ ಗಾಳಿ ಸಿಕ್ಕರೆ ಅದು ಸ್ಪಂಜಿನ ಹಾಗೆ ಕುಗ್ಗುತ್ತೆ, ನಾಜಲ್ ಏಳಲ್ಲ.

8 ಮಿ.ಮೀ. ಹೊಸ ಪೈಪ್ ಬ್ರೇಜಿಂಗ್ ಮಾಡಿಸಿ ಹಾಕಿದೆ. ನಿನ್ನೆ ಬೇಕಂತಲೇ ಕಾಲು ಟ್ಯಾಂಕ್‌ನಲ್ಲಿ ಅದೇ ಏರಿಗೆ ಹೋದೆವು. ಪಾರದರ್ಶಕ ಹೋಸ್‌ನಲ್ಲಿ ಒಂದು ಗುಳ್ಳೆ ಇಲ್ಲ. ಲೋ ರೇಂಜ್, ಎರಡನೇ ಗೇರ್, ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ಮುಕ್ಕಾಲು ದಾರಿಯಲ್ಲಿ ಆರ್‌ಪಿಎಂ ಮೇಲೇರಿತು, ಗಾಡಿಯ ವೇಗ ಮಾತ್ರ ಅಲ್ಲೇ ನಿಂತಿತು. ತಮ್ಮ ಮೂಗು ಮುಚ್ಚಿಕೊಂಡ.

ಕ್ಲಚ್.